ಚಳಿಗಾಲದ ಟೈರ್ ದಿನಾ ಓಡಾಡುವವರಿಗೆ ಕೊಟ್ಟ ದುಡ್ಡಿಗೆ ತಕ್ಕದ್ದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮ ಬೀಳುವ ಕಡೆ ಮೊದಲ ಸಲ ಕಾರು ಇಟ್ಟುಕೊಂಡವರೆಲ್ಲ ಒಂದೇ ಮಾತು ಕೇಳುತ್ತಾರೆ. ಕಾರಿಗೆ ಈಗಾಗಲೇ ನಾಲ್ಕು ಒಳ್ಳೆಯ ಟೈರ್ ಇವೆ, ಇನ್ನೂ ನಾಲ್ಕಕ್ಕೆ ಯಾಕೆ ದುಡ್ಡು ಸುರಿಯಬೇಕು? ನಾನೂ ಇದನ್ನೇ ಕೇಳಿದ್ದೆ. ಈಗ ಗೆಳೆಯರು ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುತ್ತಾ ಬಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ, ಹಾಕಿಸಬೇಕಾ ಬೇಡವಾ?

ಹಿಮ ಬಿದ್ದ ಬೆಳಿಗ್ಗೆಯೂ ನೀವು ಕಾರು ತೆಗೆಯಲೇಬೇಕು ಅಂತಿದ್ದರೆ ಹಾಕಿಸಿ. ಎರಡನೇ ಯೋಚನೆ ಬೇಡ.

ಎಷ್ಟು ಹಿಮ ಬೀಳುತ್ತದೆ ಅನ್ನುವುದನ್ನೇ ಎಲ್ಲರೂ ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. "ಇವತ್ತು ರಸ್ತೆ ಸರಿಯಿಲ್ಲ, ನಾನು ಬರಲ್ಲ" ಅಂತ ನೀವು ಹೇಳಬಹುದಾ? ಮನೆಯಿಂದಲೇ ಕೆಲಸ ಮಾಡುವವರು ಹೇಳಬಹುದು. ಬೆಳಗಿನ ಜಾವ ಆಸ್ಪತ್ರೆಯ ಡ್ಯೂಟಿಗೆ ಹೋಗುವವರು ಹೇಳಲಾಗದು. ವರ್ಷಕ್ಕೆ ಹದಿನೈದೇ ದಿನ ಹಿಮ ಬೀಳುವ ಕಡೆ, ಆ ಹದಿನೈದು ದಿನವೂ ಹೊರಡಲೇಬೇಕಾದವರಿಗೆ ಈ ಟೈರ್ ಬೇಕು. ಮೂರು ತಿಂಗಳು ಹಿಮ ಇರುವ ಕಡೆ, ಬಸ್ಸು ರೈಲು ಹಿಡಿದು ಹೋಗಬಲ್ಲವರು ಇಲ್ಲದೆಯೂ ಸಾಗಿಸಬಹುದು.

ರಬ್ಬರ್ ರಬ್ಬರೇ ಅಲ್ವಾ? ಇದರಲ್ಲೇನು ವಿಶೇಷ?

ಅಲ್ಲ, ರಬ್ಬರಿನಲ್ಲೇ ವ್ಯತ್ಯಾಸ ಇದೆ. ಹಳೆಯ ರಬ್ಬರ್ ಚಪ್ಪಲಿಯನ್ನು ಚಳಿಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಮಡಚಿ ನೋಡಿ. ಪೆಡಸಾಗಿರುತ್ತದೆ. ಬೇಸಿಗೆ ಟೈರಿಗೂ ಅದೇ ಗತಿ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ರಬ್ಬರ್ ಒತ್ತಿಕೊಂಡಾಗಲೇ ಹಿಡಿತ ಸಿಗುವುದು. ಪೆಡಸಾದ ರಬ್ಬರ್ ಒತ್ತಿಕೊಳ್ಳದೆ ಮೇಲಿಂದ ಮೇಲೆ ಜಾರುತ್ತದೆ. ಚಳಿಗಾಲದ ಟೈರಿನ ರಬ್ಬರಿಗೆ ಸಿಲಿಕಾ ಮತ್ತಿತರ ವಸ್ತುಗಳನ್ನು ಬೆರೆಸಿ, ಸೊನ್ನೆಯ ಕೆಳಗೂ ಮೆತ್ತಗಿರುವ ಹಾಗೆ ಮಾಡಿರುತ್ತಾರೆ. ನಂಬಿಕೆ ಬರದಿದ್ದರೆ ಚಳಿ ಜೋರಿರುವ ಬೆಳಿಗ್ಗೆ ಎರಡೂ ಬಗೆಯ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಒಂದರಲ್ಲಿ ಉಗುರು ಇಳಿಯುತ್ತದೆ, ಇನ್ನೊಂದರಲ್ಲಿ ಇಳಿಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಚಳಿಗಾಲದ ಟೈರಿನಲ್ಲಿ ರಸ್ತೆಗೆ ತಾಗುವ ಪ್ರತಿ ರಬ್ಬರ್ ಬಿಲ್ಲೆಯ ಮೇಲೂ ಬ್ಲೇಡಿನಿಂದ ಕೊಯ್ದ ಹಾಗೆ ಅಂಕುಡೊಂಕು ಸಣ್ಣ ಗೀರುಗಳಿರುತ್ತವೆ. ಇವಕ್ಕೆ ಸೈಪ್ ಅಂತ ಹೆಸರು. 1923ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಜಾನ್ ಸೈಪ್ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಟೈರ್ ಉರುಳುವಾಗ ಈ ಗೀರುಗಳು ಬಾಯಿ ತೆರೆದು ಮುಚ್ಚುತ್ತವೆ. ಅವುಗಳ ಅಂಚು ಹಿಮವನ್ನು ಕಚ್ಚುತ್ತದೆ. ಐಸಿನ ಮೇಲಿನ ತೆಳು ನೀರನ್ನೂ ಅವು ಸ್ವಲ್ಪ ಹೀರಿಕೊಳ್ಳುತ್ತವೆ. ನಡುವಿನ ದೊಡ್ಡ ತೋಡುಗಳಲ್ಲಿ ಹಿಮ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಅದು ಒಳ್ಳೆಯದೇ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ. ಹಿಮದ ಉಂಡೆಯನ್ನು ನೆಲದಲ್ಲಿ ಉರುಳಿಸಿದರೆ ಅದು ದೊಡ್ಡದಾಗುತ್ತಾ ಹೋಗುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ.

ಇದೇನು ಹೊಸ ಫ್ಯಾಷನ್ ಅಲ್ಲ. ಫಿನ್ಲೆಂಡಿನ ನೋಕಿಯಾ ಅನ್ನುವ ಊರಿನಲ್ಲಿ 1934ರಲ್ಲೇ ಲಾರಿಗಳಿಗೆ ಹಿಮದ ಟೈರ್ ಮಾಡಿದ್ದರು. 1936ರಲ್ಲಿ ಕಾರಿನ ಹಕ್ಕಪೆಲಿಟ್ಟ ಬಂತು. ಆ ಹೆಸರಿನ ಟೈರ್ ಇವತ್ತಿಗೂ ಮಾರಾಟದಲ್ಲಿದೆ.

7 ಡಿಗ್ರಿಗಿಂತ ಕೆಳಗಿಳಿದರೆ ಬದಲಿಸಿ ಅನ್ನುತ್ತಾರೆ. ಹಿಮವೇ ಬೀಳದಿದ್ದರೂ ಬದಲಿಸಬೇಕಾ?

7 ಡಿಗ್ರಿ ಸೆಲ್ಸಿಯಸ್ ಅನ್ನುವುದು ಒಂದು ಅಂದಾಜು. 8 ಡಿಗ್ರಿಯಲ್ಲಿ ಸರಿಯಿದ್ದ ಟೈರ್ 6ಕ್ಕೆ ಇಳಿದ ತಕ್ಷಣ ಕೈಕೊಡುವುದಿಲ್ಲ. ಒಣ ರಸ್ತೆಯಲ್ಲಿ, 4-5 ಡಿಗ್ರಿಯಲ್ಲೂ ಒಳ್ಳೆಯ ಬೇಸಿಗೆ ಟೈರ್ ಚೆನ್ನಾಗಿಯೇ ನಿಲ್ಲುತ್ತದೆ. ಕೆಲವೊಮ್ಮೆ ಚಳಿಗಾಲದ ಟೈರಿಗಿಂತ ಬೇಗ ನಿಲ್ಲುತ್ತದೆ. ಇದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹಾಗಾದರೆ ಆ ಅಂದಾಜಿನಿಂದ ಏನು ಉಪಯೋಗ? ಹಗಲು 7 ಡಿಗ್ರಿ ಇದ್ದರೆ ಬೆಳಗಿನ ಜಾವ ಸೊನ್ನೆಯ ಹತ್ತಿರ ಇರುತ್ತದೆ. ಸೇತುವೆಯ ಮೇಲೆ, ಮರದ ನೆರಳಲ್ಲಿ ರಾತ್ರಿಯ ತೇವ ಹೆಪ್ಪುಗಟ್ಟಿರುತ್ತದೆ. ಆ ತೆಳು ಐಸ್ ಕಣ್ಣಿಗೆ ಕಾಣುವುದಿಲ್ಲ, ಬರೀ ಒದ್ದೆ ರಸ್ತೆಯ ಹಾಗೆ ಹೊಳೆಯುತ್ತದೆ. ಮೊದಲ ಹಿಮ ಹೇಳಿ ಕೇಳಿ ಬರುವುದಿಲ್ಲ. ಅದಕ್ಕೆ ಮುಂಚೆ ತಯಾರಾಗಿರಲಿ ಅಂತ ಆ ಲೆಕ್ಕ.

ನಿಲ್ಲುವ ದೂರದಲ್ಲಿ ನಿಜಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ಇದೆ. ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬ್ರೇಕ್ ಒತ್ತಿದ ಮೇಲೆ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ ಅನ್ನುವುದಕ್ಕೆ ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು. ವೇಗದ ವರ್ಗವನ್ನು ಹಿಡಿತ (ಘರ್ಷಣೆಯ ಗುಣಾಂಕ) ಮತ್ತು ಗುರುತ್ವ ಇವೆರಡರ ಗುಣಲಬ್ಧದ ಎರಡರಷ್ಟರಿಂದ ಭಾಗಿಸುವುದು. ಒಣ ಡಾಂಬರಿನ ಮೇಲೆ ಹಿಡಿತ ಸುಮಾರು 0.8. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತೀರಿ. ಕಾರುಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಚಳಿಗಾಲದ ಟೈರಿಗೆ 0.3, ಬೇಸಿಗೆಯದಕ್ಕೆ 0.2 ಹಿಡಿತ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಮೊದಲನೆಯದು 33 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 49 ಮೀಟರ್ ಬೇಕು.

ಹದಿನಾರು ಮೀಟರ್ ಅಂದರೆ ಸಾಲಾಗಿ ನಿಂತ ಮೂರು ಕಾರು. ಇನ್ನೊಂದು ರೀತಿ ನೋಡಿ, ಆಗ ಎದೆ ಝಲ್ಲೆನ್ನುತ್ತದೆ. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ 29 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುತ್ತಿರುವ ಒಬ್ಬ ಮನುಷ್ಯ ಇದ್ದರೆ?

ನನಗೆ ಇದು ಅರ್ಥವಾದದ್ದು ಲೆಕ್ಕದಿಂದಲ್ಲ. ಮೊದಲ ಚಳಿಗಾಲ ಬೇಸಿಗೆ ಟೈರಿನಲ್ಲೇ ಓಡಿಸುತ್ತಿದ್ದೆ. ಇಳಿಜಾರಿನ ಕೊನೆಗೆ ಒಂದು ಸಿಗ್ನಲ್. ವೇಗ ಇಪ್ಪತ್ತೂ ಇರಲಿಲ್ಲ. ದೀಪ ಕೆಂಪಾಯಿತು, ಬ್ರೇಕ್ ಒತ್ತಿದೆ. ಕಾಲ ಕೆಳಗೆ ಪೆಡಲ್ ಕಟಕಟ ಅಂತ ನಡುಗಿತು. ಕಾರು ಮಾತ್ರ ಏನೂ ಆಗದ ಹಾಗೆ ಮುಂದೆ ಮುಂದೆ ಹೋಗುತ್ತಲೇ ಇತ್ತು. ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ನಿಲ್ಲುವ ಗೆರೆ ದಾಟಿ, ಅಡ್ಡರಸ್ತೆಯ ನಟ್ಟನಡುವೆ ಬಂದು ನಿಂತಿತು. ಎಡಗಡೆಯಿಂದ ಬಂದ ಒಂದು ಬಸ್ಸು ನನ್ನ ಬಾಗಿಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅದರ ಡ್ರೈವರ್ ಬೈಯಲಿಲ್ಲ, ಹಾರನ್ ಕೂಡ ಮಾಡಲಿಲ್ಲ. ನನ್ನ ಮುಂದಿನ ಚಕ್ರವನ್ನು ಒಮ್ಮೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಅಷ್ಟೇ. ಮಾರನೆಯ ದಿನವೇ ಟೈರ್ ಹಾಕಿಸಿದೆ.

ಐಸಿನ ಮೇಲೆ ಮಾತು ಇನ್ನೂ ಬಿಗಿ. ಅಲ್ಲಿ ಹಿಡಿತ 0.1ರ ಆಸುಪಾಸಿಗೆ ಇಳಿಯುತ್ತದೆ. ಅದೇ 50ರ ವೇಗಕ್ಕೆ 100 ಮೀಟರ್ ಹತ್ತಿರ ಬೇಕು. ವಿಚಿತ್ರ ಅಂದರೆ ಸೊನ್ನೆಯ ಹತ್ತಿರ ಇರುವ ಐಸೇ ಹೆಚ್ಚು ಜಾರುವುದು, ಮೇಲೆ ನೀರಿನ ಪಸೆ ಇರುತ್ತದಲ್ಲ. ಮೈನಸ್ 20ರಲ್ಲಿ ಐಸ್ ಒಣಗಿದ ಹಾಗಿದ್ದು ಸ್ವಲ್ಪ ಹಿಡಿತ ಕೊಡುತ್ತದೆ. "ಇವತ್ತು ಚಳಿ ಕಮ್ಮಿ" ಅಂತ ಸಮಾಧಾನಪಡುವ ದಿನವೇ ಜಾಸ್ತಿ ಹುಷಾರಾಗಿರಬೇಕು.

ನನ್ನ ಗಾಡಿಗೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಇದೆ. ನನಗೂ ಬೇಕಾ?

ಬೇಕು. ನಾಲ್ಕೂ ಚಕ್ರಕ್ಕೆ ಬಲ ಇದ್ದರೆ ಹೊರಡುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ಸಹಾಯ ಇಲ್ಲ. ಎಲ್ಲಾ ಕಾರಿಗೂ ಬ್ರೇಕ್ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲಿಸುವುದು ಟೈರು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಗಾಡಿಗಳೇ. ಮುಂದಿನ ಚಕ್ರಕ್ಕಷ್ಟೇ ಬಲ ಇರುವ ಸಣ್ಣ ಕಾರಿನ ಚಕ್ರ ಹಿಮದಲ್ಲಿ ಹೊರಡುವಾಗಲೇ ಗಿರ್ರನೆ ತಿರುಗಿ "ಜಾರುತ್ತಿದೆ, ಹುಷಾರು" ಅಂತ ಹೇಳಿಬಿಡುತ್ತದೆ. ದೊಡ್ಡ ಗಾಡಿ ಹೇಳುವುದಿಲ್ಲ. ಸಲೀಸಾಗಿ 60ಕ್ಕೆ ಏರುತ್ತದೆ. ರಸ್ತೆ ಚೆನ್ನಾಗಿದೆ ಅಂತ ಅನ್ನಿಸಿಬಿಡುತ್ತದೆ. ಬ್ರೇಕ್ ಒತ್ತಿದಾಗಲೇ ಸತ್ಯ ಗೊತ್ತಾಗುವುದು, ಅಷ್ಟೊತ್ತಿಗೆ ತಡವಾಗಿರುತ್ತದೆ.

ಎಬಿಎಸ್ ಇದೆ, ಜಾರಿದರೆ ಸರಿಮಾಡುವ ಎಲೆಕ್ಟ್ರಾನಿಕ್ಸ್ ಇದೆ. ಸಾಲದೇ?

ಸಾಲದು. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಬ್ರೇಕ್ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಲು ಬಿಡುತ್ತದೆ. ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಸಡಿಲ ಹಿಮದ ಮೇಲೆ ಎಬಿಎಸ್‌ನಿಂದ ನಿಲ್ಲುವ ದೂರ ಹೆಚ್ಚಾಗುವುದೂ ಉಂಟು. ಲಾಕ್ ಆದ ಚಕ್ರವಾದರೆ ತನ್ನ ಮುಂದೆ ಹಿಮದ ಗುಡ್ಡೆ ಒಟ್ಟಿಕೊಂಡು ಅದಕ್ಕೇ ತಡೆದು ನಿಲ್ಲುತ್ತದೆ.

ಸರಿ, ದುಡ್ಡಿನ ಮಾತಿಗೆ ಬನ್ನಿ. ಎರಡು ಸೆಟ್ ಅಂದರೆ ಎರಡರಷ್ಟು ಖರ್ಚು ತಾನೇ?

ಮೊದಲ ವರ್ಷ ಹಾಗೇ ಅನ್ನಿಸುತ್ತದೆ. ಒಂದೇ ಸಲ ಅಷ್ಟು ದುಡ್ಡು ಕೈಬಿಡುವುದು ಯಾರಿಗೂ ಸುಲಭವಲ್ಲ. ಆದರೆ ಪೆನ್ನು ಹಿಡಿದು ಕೂತರೆ ಲೆಕ್ಕ ಬೇರೆ ಬರುತ್ತದೆ.

ಒಂದು ಸೆಟ್ 45,000 ಕಿ.ಮೀ. ಬಾಳುತ್ತದೆ, ನೀವು ವರ್ಷಕ್ಕೆ 15,000 ಓಡಿಸುತ್ತೀರಿ ಅಂತ ಇಟ್ಟುಕೊಳ್ಳಿ. ಒಂದೇ ಬಗೆಯ ಟೈರಿನಲ್ಲಿ ಓಡಿಸಿದರೆ ಮೂರು ವರ್ಷಕ್ಕೆ ಸವೆದುಹೋಗುತ್ತದೆ. ಆರು ವರ್ಷದಲ್ಲಿ ಎರಡು ಸೆಟ್ ಕೊಂಡಿರುತ್ತೀರಿ. ಈಗ ಬೇಸಿಗೆಗೊಂದು, ಚಳಿಗೊಂದು ಇಟ್ಟುಕೊಳ್ಳಿ. ಒಂದು ಓಡುವಾಗ ಇನ್ನೊಂದು ಸುಮ್ನೆ ಗೋಡೆಗೆ ಒರಗಿರುತ್ತದೆ, ಸವೆಯುವುದಿಲ್ಲ. ಆರು ವರ್ಷಕ್ಕೆ ಆಗಲೂ ಎರಡೇ ಸೆಟ್. ಅಂದರೆ ರಬ್ಬರಿಗೆ ಕೊಡುವ ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಮುಂದೆ ಕೊಡುವುದನ್ನು ಈಗಲೇ ಕೊಟ್ಟ ಹಾಗೆ.

ಇಲ್ಲಿಗೆ ಲೆಕ್ಕ ಮುಗಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ನಿಜವಾಗಿ ಜಾಸ್ತಿ ಆಗುವ ಖರ್ಚು ಇವು. ಇನ್ನೊಂದು ಸೆಟ್ ರಿಮ್ ತೆಗೆದುಕೊಂಡರೆ ಅದರದ್ದು, ಒಂದೇ ಸಲ. ವರ್ಷಕ್ಕೆ ಎರಡು ಬಾರಿ ಬದಲಿಸುವ ಕೂಲಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಇಟ್ಟುಕೊಳ್ಳುವ ಬಾಡಿಗೆ. ಇಂಧನವೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಬೇಸಿಗೆ ಟೈರನ್ನು ಹಲವು ದೇಶಗಳ ಕಾನೂನು ತೋಡುಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೂ ಓಡಿಸಲು ಬಿಡುತ್ತದೆ. ಚಳಿಗಾಲದ ಟೈರ್ 4 ಮಿ.ಮೀ.ಗೆ ಇಳಿದರೆ ಹಿಮದಲ್ಲಿ ಅದರ ಕೆಲಸ ಮುಗಿದ ಹಾಗೆ. ಹೊಸದರ ಆಳ 8 ಮಿ.ಮೀ. ಇದ್ದರೆ ಒಂದರಲ್ಲಿ 6.4 ಮಿ.ಮೀ. ಉಪಯೋಗಕ್ಕೆ ಬರುತ್ತದೆ, ಇನ್ನೊಂದರಲ್ಲಿ ನಾಲ್ಕೇ. ಹತ್ತರಲ್ಲಿ ಆರು ಪಾಲು. ಹಾಗಾಗಿ ಎರಡು ಸೆಟ್ ಪದ್ಧತಿ ಸ್ವಲ್ಪ ದುಬಾರಿಯೇ. ಆದರೆ ಮೊದಲು ಹೆದರಿದಷ್ಟು ದುಬಾರಿ ಅಲ್ಲ.

ಕಮ್ಮಿ ಓಡಿಸುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ವರ್ಷಕ್ಕೆ 5,000 ಕಿ.ಮೀ. ಅಷ್ಟೇ ಓಡಿಸಿದರೆ ಟೈರ್ ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ, ಪೆಡಸಾಗುತ್ತದೆ. ಆಗ ಎರಡನೇ ಸೆಟ್ ಪೂರ್ತಿ ಹೊಸ ಖರ್ಚೇ. ಅಂಥವರು ಯೋಚಿಸಿ ತೆಗೆದುಕೊಳ್ಳಲಿ. ಜಾಸ್ತಿ ಓಡಿಸಿದಷ್ಟೂ ಎರಡು ಸೆಟ್ ಅಗ್ಗ ಬೀಳುತ್ತದೆ.

ತಕ್ಕಡಿಯ ಇನ್ನೊಂದು ಕಡೆ ಏನಿಡಬೇಕು ಅಂತ ನಿಮಗೇ ಗೊತ್ತು. ಮುಂದಿನ ಕಾರಿಗೆ ಮೆಲ್ಲಗೆ ತಾಗಿದರೂ ಒಂದು ಬಂಪರ್, ಒಂದು ಹೆಡ್‌ಲೈಟ್, ವಿಮೆಯಲ್ಲಿ ನಿಮ್ಮ ಪಾಲು, ಮುಂದಿನ ವರ್ಷ ಏರಿದ ಕಂತು. ಕೆನಡಾದ ಆಂಟೇರಿಯೊದಲ್ಲಿ 2016ರಿಂದ ಚಳಿಗಾಲದ ಟೈರ್ ಹಾಕಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು ಅಂತ ನಿಯಮ ಇದೆ. ನಿಮ್ಮ ಕಡೆ ಹೇಗೆ ಅಂತ ಏಜೆಂಟರನ್ನು ಒಂದು ಮಾತು ಕೇಳಿ.

ಬೇರೆ ರಿಮ್ ತೆಗೆದುಕೊಳ್ಳಬೇಕಾ, ಅಥವಾ ಇರುವ ರಿಮ್ಮಿಗೇ ಬದಲಿಸಿಕೊಂಡರೆ ಆಗುತ್ತದಾ?

ಆಗುತ್ತದೆ, ಆದರೆ ಕಾರನ್ನು ನಾಲ್ಕು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ರಿಮ್ ತೆಗೆದುಕೊಳ್ಳಿ. ಪ್ರತಿ ಸಲ ಟೈರನ್ನು ರಿಮ್ಮಿನಿಂದ ಕಿತ್ತು ಕೂರಿಸಿದರೆ ಅದರ ಅಂಚಿಗೆ ಪೆಟ್ಟು ಬೀಳುತ್ತದೆ, ಕೂಲಿಯೂ ಜಾಸ್ತಿ. ರಿಮ್ ಸಮೇತ ಇದ್ದರೆ ಜಾಕ್ ಹಾಕಿ ನೀವೇ ಬದಲಿಸಬಹುದು.

ಸಾದಾ ಕಬ್ಬಿಣದ ರಿಮ್ ಸಾಕು. ಕಂಪನಿಯ ಪಟ್ಟಿ ಒಪ್ಪಿದರೆ ಒಂದು ಇಂಚು ಚಿಕ್ಕದು, ಸ್ವಲ್ಪ ಅಗಲ ಕಮ್ಮಿಯದು ತೆಗೆದುಕೊಳ್ಳಿ. ಕಿರಿದಾದ ಟೈರ್ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಬೆಲೆಯೂ ಇಳಿಯುತ್ತದೆ. ಹಿಮದಡಿ ಮುಚ್ಚಿಹೋದ ಗುಂಡಿಗೆ ಬಿದ್ದಾಗ, ಟೈರಿನ ಪಕ್ಕ ಎತ್ತರ ಇದ್ದಷ್ಟೂ ರಿಮ್ ಉಳಿಯುತ್ತದೆ.

ಆಲ್ ಸೀಸನ್ ಟೈರ್ ಹಾಕಿಬಿಟ್ಟರೆ ಈ ರಗಳೆಯೇ ಇಲ್ಲವಲ್ಲ?

ಹತ್ತು ವರ್ಷದ ಹಿಂದೆ ನಾನು ಬೇಡವೇ ಬೇಡ ಅನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಪಕ್ಕದಲ್ಲಿ ಬೆಟ್ಟದ ಗುರುತಿರುವ (ಅದೇನು ಅಂತ ಮುಂದಿನ ಪ್ರಶ್ನೆಯಲ್ಲಿದೆ) ಒಳ್ಳೆಯ ಆಲ್ ಸೀಸನ್, ಅಂದರೆ ಎಲ್ಲಾ ಕಾಲಕ್ಕೂ ಒಂದೇ ಆದ ಟೈರ್‌ಗಳು ಹಿಮದಲ್ಲಿ ಬೇಸಿಗೆ ಟೈರಿಗಿಂತ ಎಷ್ಟೋ ಮೇಲು. ಅಪರೂಪಕ್ಕೆ ಹಿಮ ಬೀಳುವ ಕಡೆ, ಬಿದ್ದ ಹಿಮ ಮಧ್ಯಾಹ್ನಕ್ಕೆ ಕರಗುವ ಕಡೆ, ಕಮ್ಮಿ ಓಡಿಸುವವರಿಗೆ ಅದೇ ಸರಿಯಾದ ಆಯ್ಕೆ. ಐಸಿನ ಮೇಲೆ, ಮೈನಸ್ 15ರ ಚಳಿಯಲ್ಲಿ, ಬೆಟ್ಟದ ರಸ್ತೆಯಲ್ಲಿ ಅದು ಸಾಲದು. ಬಿಸಿಲಿನಲ್ಲಿ ಬೇಸಿಗೆ ಟೈರಿನಷ್ಟು ಬೇಗ ನಿಲ್ಲುವುದೂ ಇಲ್ಲ.

ಗುರುತಿಲ್ಲದ ಆಲ್ ಸೀಸನ್ ಮಾತ್ರ ನಂಬಬೇಡಿ.

ಯಾವ ಗುರುತು ನೋಡಬೇಕು?

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. 1999ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾದ ಗುರುತು ಇದು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟೈರಿಗಷ್ಟೇ ಸಿಗುತ್ತದೆ. "ಎಂ ಪ್ಲಸ್ ಎಸ್", ಅಂದರೆ ಕೆಸರು ಮತ್ತು ಹಿಮ ಅನ್ನುವ ಅಕ್ಷರಗಳಿಗೆ ಅಂಥ ಪರೀಕ್ಷೆ ಬೇಕಿಲ್ಲ. ತೋಡುಗಳ ವಿನ್ಯಾಸ ಒಂದು ಮಟ್ಟಿಗೆ ಇದ್ದರೆ ತಯಾರಕರೇ ಹಾಕಿಕೊಳ್ಳಬಹುದು.

ಬೆಟ್ಟದ ಗುರುತಿನ ಪರೀಕ್ಷೆಯೂ ಹಿಮದ ಮೇಲೆ ಮಾಡಿದ್ದು, ಐಸಿನ ಮೇಲೆ ಅಲ್ಲ. ಐಸ್ ಜಾಸ್ತಿ ಇರುವ ಕಡೆಯವರು ಯುರೋಪಿನಲ್ಲಿ 2021ರ ಮೇ ತಿಂಗಳಿಂದ ಬಂದ ಹೊಸ ಲೇಬಲ್ ನೋಡಿ. ಅದರಲ್ಲಿ ಐಸ್ ಹಿಡಿತಕ್ಕೆ ಬೇರೆಯೇ ಚಿತ್ರ ಇದೆ. ಉತ್ತರದ ದೇಶಗಳಿಗೆಂದೇ ಮಾಡಿದ ಮೆತ್ತನೆಯ ಟೈರುಗಳ ಮೇಲೆ ಅದು ಕಾಣುತ್ತದೆ.

ಎರಡೇ ಹಾಕಿಸಿದರೆ? ಇಂಜಿನ್ ಬಲ ಇರುವ ಮುಂದಿನ ಚಕ್ರಕ್ಕೆ ಮಾತ್ರ?

ದಯವಿಟ್ಟು ಬೇಡ. ಮುಂದಿನದು ಹಿಡಿದು, ಹಿಂದಿನದು ಜಾರಿದರೆ ಬ್ರೇಕ್ ಒತ್ತಿದ ತಿರುವಿನಲ್ಲಿ ಕಾರಿನ ಬಾಲ ಮುಂದಕ್ಕೆ ಬರುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ನಾಲ್ಕೂ ಬೇಸಿಗೆ ಟೈರ್ ಇದ್ದಾಗಿನದಕ್ಕಿಂತ ಇದು ಹೆಚ್ಚು ಅಪಾಯ. ನಾಲ್ಕಕ್ಕೆ ದುಡ್ಡಿಲ್ಲದಿದ್ದರೆ ಕಮ್ಮಿ ಬೆಲೆಯ ನಾಲ್ಕು ತೆಗೆದುಕೊಳ್ಳಿ.

ಮೊಳೆ ಇರುವ ಟೈರ್ ಇನ್ನೂ ಒಳ್ಳೆಯದಾ?

ನುಣ್ಣನೆಯ ಐಸಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಬರೀ ಡಾಂಬರಿನ ಮೇಲೆ ಕರಕರ ಸದ್ದು ಮಾಡುತ್ತದೆ, ರಸ್ತೆಯನ್ನು ಕೆರೆದು ಧೂಳೆಬ್ಬಿಸುತ್ತದೆ. ಆ ಧೂಳು ಜನರ ಶ್ವಾಸಕೋಶಕ್ಕೆ ಹೋಗುತ್ತದೆ ಅನ್ನುವ ಕಾರಣಕ್ಕೇ ಜಪಾನ್ 1990ರ ದಶಕದ ಆರಂಭದಲ್ಲಿ ಮೊಳೆ ಟೈರ್ ನಿಲ್ಲಿಸಿತು. ಅಲ್ಲಿಂದಾಚೆಗೆ ಮೊಳೆ ಇಲ್ಲದ ಮೆತ್ತನೆಯ ಟೈರ್ ತಯಾರಿಕೆಯಲ್ಲಿ ಆ ದೇಶ ಬಹಳ ಮುಂದೆ ಹೋಯಿತು. ಜರ್ಮನಿಯಲ್ಲೂ ನಿಷೇಧ ಇದೆ. ಓಸ್ಲೋ ನಗರದಲ್ಲಿ ಮೊಳೆ ಟೈರಿಗೆ ಶುಲ್ಕ ಕಟ್ಟಬೇಕು. ಸ್ಟಾಕ್‌ಹೋಮ್‌ನ ಹೋರ್ನ್ಸ್‌ಗಾಟನ್ ರಸ್ತೆಯಲ್ಲಿ 2010ರಿಂದ ಪ್ರವೇಶವೇ ಇಲ್ಲ. ನಗರದೊಳಗೆ ಓಡಾಡುವವರಿಗೆ ಬೇಡ. ಹಳ್ಳಿಯ ಕಡೆ, ಉಪ್ಪು ಹಾಕದ ಐಸ್ ರಸ್ತೆಯಲ್ಲಿ ದಿನಾ ಹೋಗಬೇಕಾದವರು, ಕಾನೂನು ಬಿಟ್ಟರೆ, ಹಾಕಿಸಿಕೊಳ್ಳಲಿ.

ಯಾವಾಗ ಹಾಕಿಸಬೇಕು, ಯಾವಾಗ ತೆಗೆಯಬೇಕು?

ಜರ್ಮನಿಯಲ್ಲಿ "ಓ ಇಂದ ಓ ವರೆಗೆ" ಅನ್ನುತ್ತಾರೆ. ಅವರ ಭಾಷೆಯಲ್ಲಿ ಅಕ್ಟೋಬರ್ ಕೂಡ, ಈಸ್ಟರ್ ಕೂಡ "ಓ" ಅಕ್ಷರದಿಂದ ಶುರು. ಒಳ್ಳೆಯ ಅಂದಾಜು. ಮೊದಲ ಹಿಮ ಬಿದ್ದ ದಿನ ಟೈರ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ, ಎರಡು ವಾರ ಸರದಿ ಸಿಗುವುದಿಲ್ಲ. ಅದಕ್ಕೆ ಮೊದಲೇ ಹೋಗಿ. ಬದಲಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಇದನ್ನು ಬಿಡಬೇಡಿ, ಚಕ್ರ ಸಡಿಲವಾಗುವುದು ಕಟ್ಟುಕಥೆಯಲ್ಲ.

ಬೇಸಿಗೆಯಲ್ಲೂ ಅದನ್ನೇ ಓಡಿಸಿದರೆ ಏನಾಗುತ್ತದೆ?

ಬಿಸಿ ಡಾಂಬರಿನ ಮೇಲೆ ಮೆತ್ತನೆಯ ರಬ್ಬರ್ ಬೇಗ ಬೇಗ ಸವೆಯುತ್ತದೆ, ಕಾರು ತಿರುವಿನಲ್ಲಿ ತೂಗಾಡಿದ ಹಾಗೆ ಆಗುತ್ತದೆ, ಬ್ರೇಕ್ ದೂರ ಉದ್ದವಾಗುತ್ತದೆ. ಚಳಿಗಾಲದಲ್ಲಿ ಬೇಸಿಗೆ ಟೈರ್ ಹಾಕಿದಷ್ಟು ದೊಡ್ಡ ತಪ್ಪಲ್ಲ, ಆದರೆ ತಪ್ಪೇ. 4 ಮಿ.ಮೀ.ಗೆ ಇಳಿದ ಹಳೆಯ ಸೆಟ್ಟನ್ನು ವಸಂತದ ಒಂದೆರಡು ತಿಂಗಳು ಊರೊಳಗೆ ಓಡಿಸಿ ಮುಗಿಸುವವರಿದ್ದಾರೆ. ಮೆಲ್ಲಗೆ ಓಡಿಸುವುದಾದರೆ ಪರವಾಗಿಲ್ಲ. ಬೇಸಿಗೆ ರಜೆಯ ದೂರದ ಹೆದ್ದಾರಿ ಪ್ರಯಾಣಕ್ಕೆ ಬೇಡ.

ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ತೆಗೆದುಕೊಳ್ಳಲಾ?

ತೆಗೆದುಕೊಳ್ಳಬಹುದು, ಕಣ್ಣಿಟ್ಟು ನೋಡಬೇಕು. ಟೈರಿನ ಪಕ್ಕದಲ್ಲಿ "ಡಿಒಟಿ" ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 4122 ಅಂದರೆ 2022ರ 41ನೇ ವಾರ ತಯಾರಾದದ್ದು. ಕೆಲವು ಟೈರಿನಲ್ಲಿ ಆ ಅಂಕಿ ಒಳಮೈಯಲ್ಲಿ ಮಾತ್ರ ಇರುತ್ತದೆ. ಟಾರ್ಚ್ ಹಿಡಿದು ಕಾರಿನಡಿ ಬಗ್ಗಿ ನೋಡಬೇಕು, ನಾಚಿಕೆ ಬೇಡ. ಆರು ವರ್ಷ ದಾಟಿದ್ದರೆ ನಾನು ಮುಟ್ಟುವುದಿಲ್ಲ, ಎಷ್ಟೇ ಹೊಸದಾಗಿ ಕಂಡರೂ. ಆಳ 6 ಮಿ.ಮೀ.ಗಿಂತ ಕಮ್ಮಿ ಇದ್ದರೆ ಒಂದೆರಡು ಚಳಿಗಾಲಕ್ಕಷ್ಟೇ ಬರುತ್ತದೆ, ಬೆಲೆಯನ್ನು ಅದಕ್ಕೆ ತಕ್ಕ ಹಾಗೆ ಚೌಕಾಸಿ ಮಾಡಿ. ಪಕ್ಕದಲ್ಲಿ ಸಣ್ಣ ಬಿರುಕು, ಉಬ್ಬು ಇದ್ದರೆ ಬಿಟ್ಟುಬಿಡಿ. ಉಗುರಿನ ಪರೀಕ್ಷೆಯನ್ನೂ ಮರೆಯಬೇಡಿ.

ಚಳಿ ಬಿದ್ದ ದಿನವೇ ಟೈರ್ ಗಾಳಿಯ ದೀಪ ಹತ್ತಿಕೊಂಡಿತು. ಪಂಚರ್ ಆಗಿದೆಯಾ?

ಬಹುಶಃ ಇಲ್ಲ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಪ್ರತಿ 5-6 ಡಿಗ್ರಿಗೆ ಸುಮಾರು 1 ಪಿಎಸ್‌ಐ. ಶರತ್ಕಾಲದ 20 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಮೈನಸ್ 10ರಲ್ಲಿ 5 ಪಿಎಸ್‌ಐ ಕಮ್ಮಿ ತೋರಿಸುತ್ತದೆ. ಟೈರ್ ತಣ್ಣಗಿರುವಾಗ, ಓಡಿಸುವ ಮೊದಲು ಅಳೆದು ತುಂಬಿಸಿ. "ಹಿಮಕ್ಕೆ ಗಾಳಿ ಕಮ್ಮಿ ಇದ್ದರೆ ಒಳ್ಳೆಯದು" ಅನ್ನುವ ಮಾತು ದಿನನಿತ್ಯದ ರಸ್ತೆಗೆ ಸಲ್ಲದು.

ಬಿಚ್ಚಿದ ಟೈರ್ ಹೇಗೆ ಇಡಬೇಕು?

ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ಬರೆಯಿರಿ: ಮುಂದೆ ಎಡ, ಹಿಂದೆ ಬಲ, ಹೀಗೆ. ತೊಳೆದು ಉಪ್ಪು ತೆಗೆದು ಒಣಗಿಸಿ. ರಿಮ್ ಇದ್ದರೆ ಒಂದರ ಮೇಲೊಂದು ಮಲಗಿಸಿ. ರಿಮ್ ಇಲ್ಲದಿದ್ದರೆ ನಿಲ್ಲಿಸಿಡಿ, ಆಗಾಗ ಸ್ವಲ್ಪ ತಿರುಗಿಸಿ. ಬಿಸಿಲು ಬೀಳಬಾರದು, ಎಣ್ಣೆ ಸೋಕಬಾರದು.

ಕಾನೂನು ಏನು ಹೇಳುತ್ತದೆ?

ದೇಶಕ್ಕೊಂದು ಥರ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ, ಹಿಮ ಇರಲಿ ಬಿಡಲಿ. ಸ್ವೀಡನ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರ ನಡುವೆ ರಸ್ತೆ ಚಳಿಗಾಲದ ಸ್ಥಿತಿಯಲ್ಲಿದ್ದರೆ ಬೇಕು, ಆಳ ಕನಿಷ್ಠ 3 ಮಿ.ಮೀ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ರಸ್ತೆ ಚಳಿಗಾಲದ ಸ್ಥಿತಿಯಲ್ಲಿದ್ದರೆ; ಅಲ್ಲಿ 4 ಮಿ.ಮೀ.ಗಿಂತ ಕಮ್ಮಿ ಇದ್ದರೆ ಅದನ್ನು ಚಳಿಗಾಲದ ಟೈರ್ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜರ್ಮನಿಯಲ್ಲಿ ತಾರೀಖಿಲ್ಲ, ರಸ್ತೆಯಲ್ಲಿ ಹಿಮ ಅಥವಾ ಐಸ್ ಇದ್ದರೆ ಬೇಕು. 2024ರ ಅಕ್ಟೋಬರ್‌ನಿಂದ ಅಲ್ಲಿ ಬೆಟ್ಟದ ಗುರುತಿಗೆ ಮಾತ್ರ ಬೆಲೆ, ಬರೀ "ಎಂ ಪ್ಲಸ್ ಎಸ್" ನಡೆಯುವುದಿಲ್ಲ. ಗಡಿ ದಾಟಿ ಹೋಗುವವರು ಎರಡೂ ಕಡೆಯ ನಿಯಮ ನೋಡಿಕೊಳ್ಳಿ.

ಎಲೆಕ್ಟ್ರಿಕ್ ಕಾರಿಗೆ ಬೇರೆ ಲೆಕ್ಕವೇ?

ಬ್ಯಾಟರಿಯಿಂದಾಗಿ ತೂಕ ಜಾಸ್ತಿ, ಹಾಗಾಗಿ ಭಾರ ಹೊರುವ ಅಂಕಿ ಸರಿಯಿರುವ ಟೈರೇ ಬೇಕು. ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೋಟಾರ್ ಕಾರನ್ನು ಹಿಡಿದೆಳೆಯುತ್ತದಲ್ಲ, ಐಸಿನ ಮೇಲೆ ಅದರಿಂದಲೇ ಚಕ್ರ ಜಾರಬಹುದು. ಜಾರುವ ದಿನ ಆ ಸೆಟ್ಟಿಂಗ್ ಕಮ್ಮಿ ಮಾಡಿಕೊಳ್ಳಿ. ಒಂದು ಚಾರ್ಜಿಗೆ ಓಡುವ ದೂರವೂ ಸ್ವಲ್ಪ ಇಳಿಯುತ್ತದೆ.

ಹಾಕಿಸಿದ ಮೇಲೆ ಧೈರ್ಯವಾಗಿ ಓಡಿಸಬಹುದಾ?

ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಒಳ್ಳೆಯ ಟೈರ್ ಇದ್ದರೂ ಹಿಮದಲ್ಲಿ 33 ಮೀಟರ್, ಒಣ ರಸ್ತೆಯಲ್ಲಿ 12. ಸುಮಾರು ಮೂರು ಪಟ್ಟು. ಹಾಗಾಗಿ ಮುಂದಿನ ಕಾರಿಗೂ ನಿಮಗೂ ನಡುವೆ ಜಾಗ ಬಿಡಿ, ಇಳಿಜಾರಿಗೆ ಮೊದಲೇ ವೇಗ ತಗ್ಗಿಸಿ.

ಇನ್ನೊಂದು ಕೆಲಸ ಮಾಡಿ. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಯಾರೂ ಇಲ್ಲದ, ಕಂಬಗಳೂ ಇಲ್ಲದ ಒಂದು ದೊಡ್ಡ ಪಾರ್ಕಿಂಗ್ ಜಾಗಕ್ಕೆ ಹೋಗಿ, ಅಲ್ಲಿ ಬಿಡುವುದಾದರೆ. 20ರ ವೇಗಕ್ಕೆ ಬಂದು ಬ್ರೇಕನ್ನು ಪೂರ್ತಿ ಒತ್ತಿ. ಕಟಕಟ ಅಂದರೂ ಕಾಲು ತೆಗೆಯಬೇಡಿ. ಎಲ್ಲಿ ನಿಂತಿತು ಅಂತ ಇಳಿದು ಹೆಜ್ಜೆ ಎಣಿಸಿ. ಆಮೇಲೆ 30ಕ್ಕೆ. ನಾನು ಪ್ರತಿ ವರ್ಷ ಮಾಡುತ್ತೇನೆ. ಮನೆಯಲ್ಲಿ ಕಾರು ಓಡಿಸುವವರು ಎಷ್ಟು ಜನರಿದ್ದಾರೋ ಅಷ್ಟೂ ಜನರ ಕೈಲಿ ಮಾಡಿಸುತ್ತೇನೆ.